ಕೆಡವುವ ಮನೆಯ ಇಟ್ಟಿಗೆ: ಒಟ್ಟಿಗೆ ಕೊಡುವುದೋ, ಎಣಿಸಿ ಮಾರುವುದೋ, ನಾವೇ ಬಳಸುವುದೋ?

ನಂಜನಗೂಡಿನ ನಮ್ಮ ಹಳೆಯ ಮನೆಯನ್ನು ಕೆಡವುವುದೆಂದು ತೀರ್ಮಾನವಾದ ವಾರದಲ್ಲೇ ಗುತ್ತಿಗೆದಾರರೊಬ್ಬರು ನೋಡಲು ಬಂದರು. ಹೆಬ್ಬಾಗಿಲಿನಿಂದ ಹಿತ್ತಿಲ ತನಕ ಒಮ್ಮೆ ನಡೆದರು, ತೊಲೆಗಳನ್ನು ಬೆರಳಿನಿಂದ ತಟ್ಟಿದರು, ಕಿಟಕಿಯ ಸರಳುಗಳನ್ನು ಎಣಿಸಿದರು. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲ ಸೇರಿಸಿ ಒಂದು ಮೊತ್ತ ಹೇಳಿದರು. ಅದರಲ್ಲಿ ಇಟ್ಟಿಗೆಗೆ ಎಷ್ಟು ಹಾಕಿದ್ದೀರಿ ಎಂದು ಅಣ್ಣ ಕೇಳಿದ್ದಕ್ಕೆ ನಕ್ಕು, “ಅದು ಕಸ ಸಾರ್, ಸಾಗಿಸುವ ಖರ್ಚೇ ನನ್ನ ತಲೆಯ ಮೇಲೆ” ಎಂದರು.

ಅದೇ ಸಂಜೆ ಹಿಂದಿನ ಬೀದಿಯಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರು ಬಂದು, ಕೆಡವಿದ ಮೇಲೆ ಇಟ್ಟಿಗೆ ನಮಗೇ ಕೊಡಿ, ಒಂದಕ್ಕೆ 6 ರೂಪಾಯಿ ಕೊಡುತ್ತೇವೆ ಎಂದರು. ಬೆಳಿಗ್ಗೆ ಕಸವಾಗಿದ್ದದ್ದು ಸಂಜೆಗೆ ಸರಕಾಯಿತು. ಇಬ್ಬರಲ್ಲಿ ಒಬ್ಬರು ನಮ್ಮನ್ನು ಮೋಸ ಮಾಡುತ್ತಿದ್ದಾರೆ ಎಂದು ನಾನು ಎರಡು ದಿನ ನಂಬಿದ್ದೆ. ಲೆಕ್ಕ ಹಾಕಿ ನೋಡಿದ ಮೇಲೆ ತಿಳಿಯಿತು, ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯ ಮುಂಭಾಗ 1950ರ ದಶಕದಲ್ಲಿ ತಾತ ಸುಣ್ಣದ ಗಾರೆಯಲ್ಲಿ ಕಟ್ಟಿಸಿದ್ದು. ಹಿಂಭಾಗದ ಎರಡು ಕೋಣೆ 1987ರಲ್ಲಿ ಅಪ್ಪ ಸಿಮೆಂಟಿನಲ್ಲಿ ಕಟ್ಟಿಸಿದ್ದು. ಸಂಜೆ ಬಂದವರ ಕಣ್ಣು ಮುಂಭಾಗದ ಮೇಲಿತ್ತು. ಬೆಳಿಗ್ಗೆ ಬಂದವರ ಮಾತು ಹಿಂಭಾಗದ ಮಟ್ಟಿಗೆ ನಿಜವಾಗಿತ್ತು.

ಹಳೆಯ ಇಟ್ಟಿಗೆಯ ಬೆಲೆ ಎಷ್ಟು ಎಂದು ಕೇಳುವವರು ಸಾಮಾನ್ಯವಾಗಿ ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ಕೇಳುತ್ತಾರೆ. ನೋಡಬೇಕಾದದ್ದು ಅದಕ್ಕೆ ಅಂಟಿಕೊಂಡಿರುವ ಗಾರೆಯನ್ನು. ಆಮೇಲೆ, ಆ ಇಟ್ಟಿಗೆ ಮುಂದೆ ಯಾವ ಗೋಡೆಗೆ ಹೋಗುತ್ತದೆ ಎಂಬುದನ್ನು. ಇವೆರಡು ಗೊತ್ತಾದರೆ ದರ ತಾನಾಗಿ ಹೊರಬೀಳುತ್ತದೆ.

ಮೊದಲು ಎಣಿಕೆ

ನಮ್ಮ ಕಡೆಯ ಹಳೆಯ ಇಟ್ಟಿಗೆಯನ್ನು ಬಾಯಿಮಾತಿನಲ್ಲಿ 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ದಪ್ಪ ಎನ್ನುತ್ತಾರೆ. ಭಾರತೀಯ ಮಾನಕ ಐಎಸ್ 1077ರಲ್ಲಿರುವ ಅಳತೆಗಳಲ್ಲಿ ಎರಡು ಇವು: 190×90×90 ಮಿಲಿಮೀಟರ್ ಒಂದು, 230×110×70 ಮಿಲಿಮೀಟರ್ ಇನ್ನೊಂದು. ಎರಡನೆಯದು ನಮ್ಮ ಬಾಯಿಮಾತಿನ ಇಟ್ಟಿಗೆಗೆ ಹತ್ತಿರ. ಈ ಅಳತೆಯದಾದರೆ 9 ಇಂಚಿನ ಗೋಡೆಯ ಒಂದು ಚದರ ಅಡಿಗೆ ಸುಮಾರು 10 ಇಟ್ಟಿಗೆ, ನಾಲ್ಕೂವರೆ ಇಂಚಿನ ಗೋಡೆಗೆ 5 ಎಂದು ಹಿಡಿಯಬಹುದು. ಬಾಗಿಲು ಕಿಟಕಿಗಳ ಜಾಗ ಕಳೆದು ಉಳಿದ ಗೋಡೆಯನ್ನು ಅಳೆದು ಗುಣಿಸಿದರೆ ಮುಗಿಯಿತು. ನಮ್ಮ ಮುಂಭಾಗಕ್ಕೆ ಹೀಗೆ ಸುಮಾರು 6,200 ಇಟ್ಟಿಗೆ ಬಂತು.

ಹಳೆಯ ಮನೆಗಳಲ್ಲಿ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು. ಒಂದೊಂದು ಊರಿನ ಗೂಡಿನಲ್ಲಿ ಒಂದೊಂದು ಅಚ್ಚು ಇರುತ್ತಿತ್ತು. ತೆಳ್ಳಗೆ ಅಗಲವಾದವು ಕೆಲವು, ಗಿಡ್ಡಗೆ ದಪ್ಪನಾದವು ಕೆಲವು. ಆದ್ದರಿಂದ 3 ಅಡಿ ಉದ್ದ 3 ಅಡಿ ಎತ್ತರದ ಒಂದು ಚೌಕದಲ್ಲಿ ಸಾರಣೆಯನ್ನು ಕೆತ್ತಿ ತೆಗೆದು, ಎಷ್ಟು ವರಸೆ (ಇಟ್ಟಿಗೆಯ ಅಡ್ಡಸಾಲು) ಇವೆ, ಒಂದು ವರಸೆಯಲ್ಲಿ ಎಷ್ಟು ಇಟ್ಟಿಗೆ ಇವೆ ಎಂದು ಎಣಿಸಿಕೊಳ್ಳಿ. ಅದೇ ಚೌಕದ ನಡುವೆ ಗೋಡೆಯ ಆಚೆ ಬದಿಯ ತನಕ ಒಂದು ತೂತನ್ನೂ ಕೊರೆಸಿ. ನಮ್ಮ ನಡುಮನೆಯ ಗೋಡೆ ಒಂದೂವರೆ ಅಡಿ ದಪ್ಪ. ಅಷ್ಟೂ ಸುಟ್ಟ ಇಟ್ಟಿಗೆ ಎಂದು ನಾವು ಹಿಗ್ಗಿದ್ದೆವು. ತೂತು ಕೊರೆದಾಗ ಒಳಗೆ ಹಸಿ ಇಟ್ಟಿಗೆ, ಮಣ್ಣು. ಹೊರಗೂ ಒಳಗೂ ಒಂದೊಂದು ಪದರ ಮಾತ್ರ ಸುಟ್ಟದ್ದು. ಗೋಡೆಯ ಹೊಟ್ಟೆಯನ್ನು ನೋಡದೆ ಯಾರಿಗೂ ಸಂಖ್ಯೆ ಹೇಳಬೇಡಿ.

ಮಣ್ಣು, ಗಾರೆ, ಸಿಮೆಂಟು

ಇಟ್ಟಿಗೆಗಳ ನಡುವೆ ಇರುವುದು ಮೂರರಲ್ಲಿ ಒಂದು. ಕೆಸರುಮಣ್ಣಿನಲ್ಲಿ ಕಟ್ಟಿದ್ದರೆ ಇಟ್ಟಿಗೆ ಕೈಗೇ ಬಿಟ್ಟುಬರುತ್ತದೆ, ಒಣಗಿದ ಮೇಲೆ ಉಜ್ಜಿದರೆ ಸಾಕು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು. ಬಾಚಿಯಿಂದಲೋ ಹಳೆಯ ಕರಣೆಯ ಅಂಚಿನಿಂದಲೋ ನಾಲ್ಕು ಏಟು ಹಾಕಿದರೆ ಹಪ್ಪಳದಂತೆ ಕಳಚುತ್ತದೆ. ಗಟ್ಟಿ ಸಿಮೆಂಟ್ ಗಾರೆ ಇಟ್ಟಿಗೆಗಿಂತ ಬಲವಾದದ್ದು, ಎಳೆದರೆ ಗಾರೆ ಬಿಡುವ ಬದಲು ಇಟ್ಟಿಗೆಯೇ ಮುರಿಯುತ್ತದೆ. ಮೂರನ್ನೂ ಗುರುತಿಸಲು ಮನೆಯ ಬೀಗದ ಕೈ ಸಾಕು. ಕೀಲಿಯಿಂದ ಸಂದನ್ನು ಕೆರೆದಾಗ ಬಿಳಿಯ ಅಥವಾ ತಿಳಿಗೆಂಪಿನ ಪುಡಿ ಉದುರಿದರೆ ಸುಣ್ಣ. ಬೂದುಬಣ್ಣದ ಮೇಲೆ ಕೀಲಿ ಜಾರಿದರೆ ಸಿಮೆಂಟು. ಒಂದು ಎಚ್ಚರಿಕೆ: ಎಷ್ಟೋ ಸುಣ್ಣದ ಗೋಡೆಗಳಿಗೆ ಆಮೇಲೆ ಸಿಮೆಂಟಿನ ಪಾಯಿಂಟಿಂಗ್ ಮಾಡಿಸಿ ಸಂದಿನ ಬಾಯಿಯನ್ನು ಮುಚ್ಚಿಸಿರುತ್ತಾರೆ. ಅರ್ಧ ಇಂಚು ಒಳಗೆ ಹೋಗಿ ಕೆರೆಯಬೇಕು.

ತಿಳಿಗೆಂಪಿನ ಪುಡಿ ಎಂದೆನಲ್ಲ, ಅದು ಸುರ್ಕಿ. ಇಟ್ಟಿಗೆಯನ್ನು ಕುಟ್ಟಿ ಪುಡಿಮಾಡಿ ಸುಣ್ಣಕ್ಕೆ ಬೆರೆಸಿದ್ದು. ಕನ್ನಂಬಾಡಿ ಕಟ್ಟೆಯೇ ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಎದ್ದದ್ದು. ಮೈಸೂರು ಸೀಮೆಯ ಹಳೆಯ ಮೇಸ್ತ್ರಿಗಳಿಗೆ ಅದು ಕೈಗೂಡಿದ ವಿದ್ಯೆ.

ಮನೆಯ ವಯಸ್ಸು ಗೊತ್ತಿದ್ದರೆ ಗಾರೆಯನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಸಿಮೆಂಟಿನ ಮೇಲಿನ ಸರ್ಕಾರದ ನಿಯಂತ್ರಣ 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿ ಹೋಯಿತು. ಅದಕ್ಕೂ ಮುಂಚೆ ಪರ್ಮಿಟ್ ಹಿಡಿದು ಕಾಯಬೇಕಿತ್ತು. ಹಾಗೆ ತಂದ ಚೀಲಗಳನ್ನು ಜನ ತಾರಸಿಗೂ ನೆಲಕ್ಕೂ ಉಳಿಸಿಕೊಂಡು, ಗೋಡೆಗೆ ಸುಣ್ಣವನ್ನೋ ಮರಳು ಜಾಸ್ತಿ ಹಾಕಿದ ಬಡಕಲು ಸಿಮೆಂಟನ್ನೋ ಬಳಸುತ್ತಿದ್ದರು. ಇಂತಹ ಬಡಕಲು ಸಿಮೆಂಟಿನ ಗೋಡೆ ಕಟ್ಟಿದವರಿಗೆ ಅಪಮಾನವಾಗಿರಬಹುದು, ಕೆಡವುವವರಿಗೆ ಅದೃಷ್ಟ. 1987ರ ಹೊತ್ತಿಗೆ ಚೀಲ ಸುಲಭವಾಗಿ ಸಿಗುತ್ತಿತ್ತು, ಅಪ್ಪ ಕೈಬಿಚ್ಚಿ ಹಾಕಿಸಿದ್ದರು.

ನೂರರ ಪರೀಕ್ಷೆ

ಗೋಡೆ ನೋಡಿ ದರ ಹೇಳುವವರನ್ನು ನಾನು ನಂಬುವುದಿಲ್ಲ, ನಾನೇ ಹೇಳಿದರೂ. ಮಾಡಬೇಕಾದದ್ದು ಇಷ್ಟು: ಒಂದೊಂದು ಬಗೆಯ ಗೋಡೆಯಿಂದ 100 ಇಟ್ಟಿಗೆಯನ್ನು ಹಾರೆ ಸುತ್ತಿಗೆಗಳಿಂದ ಬಿಡಿಸಿ, ಅದೇ ಆಳಿನಿಂದ ಉಜ್ಜಿಸಿ, ಪೇರಿಸಿ. ಗಡಿಯಾರ ನೋಡಿಕೊಳ್ಳಿ. ಕೊನೆಗೆ ಇಡಿಯವು ಎಷ್ಟು, ಅರ್ಧ ಎಷ್ಟು, ಚೂರು ಎಷ್ಟು ಎಂದು ಎಣಿಸಿ. ಅರ್ಧ ದಿನದ ಕೂಲಿ ಹೋಗುತ್ತದೆ, ಸಾವಿರಗಟ್ಟಲೆ ಇಟ್ಟಿಗೆಯ ಹಣೆಬರಹ ಗೊತ್ತಾಗುತ್ತದೆ.

ನಮ್ಮ ಮುಂಭಾಗದ ನೂರರಲ್ಲಿ 82 ಇಡಿಯಾಗಿ ಬಂದವು, 12 ಅರ್ಧವಾದವು, ಉಳಿದವು ಚೂರು. ಹಿಂಭಾಗದ ನೂರರಲ್ಲಿ 40 ಇಡಿ, 25 ಅರ್ಧ. ಆ 40ರ ಮೇಲೂ ಅಲ್ಲಲ್ಲಿ ಸಿಮೆಂಟಿನ ಗಂಟು ಉಳಿದೇ ಇತ್ತು.

ಇನ್ನು ರೂಪಾಯಿಗೆ ಬರೋಣ. ಮುಂದಿನ ದರಗಳು ಲೆಕ್ಕದ ಹಾದಿ ತೋರಿಸಲು ನಾನು ಹಿಡಿದವು. ನಿಮ್ಮ ಊರಿನ ದರ ಬೇರೆ ಇದ್ದರೆ ಅದನ್ನೇ ಹಾಕಿ. ಹೊಸ ಇಟ್ಟಿಗೆ ನಿವೇಶನಕ್ಕೆ ಬಂದು ಇಳಿಯುವ ಹೊತ್ತಿಗೆ 11 ರೂಪಾಯಿ. ಹಳೆಯದರ ಅಂಚು ಸವೆದಿರುತ್ತದೆ, ಅಳತೆ ಒಂದರಂತೆ ಒಂದಿರುವುದಿಲ್ಲ, ಕಟ್ಟುವಾಗ ಗಾರೆಯೂ ಮೇಸ್ತ್ರಿಯ ಹೊತ್ತೂ ಹೆಚ್ಚು ಬೇಕಾಗುತ್ತವೆ. ಅದಕ್ಕೆಂದು ಶೇಕಡ 15 ಕಳೆದರೆ 9 ರೂಪಾಯಿ 35 ಪೈಸೆ. ಮುಂಭಾಗದ ನೂರಕ್ಕೆ ಖರ್ಚು ಹೀಗೆ: ಜೆಸಿಬಿಯಿಂದ ಉರುಳಿಸದೆ ಕೈಯಿಂದ ಬಿಡಿಸಿದ್ದಕ್ಕೆ ಹೆಚ್ಚುವರಿ 150, ಉಜ್ಜಲು 200, ಹೊತ್ತು ಪೇರಿಸಲು 30. ಒಟ್ಟು 380 ರೂಪಾಯಿ. ಮೂಲೆಗೂ ಬಾಗಿಲ ಪಕ್ಕಕ್ಕೂ ಮೇಸ್ತ್ರಿಗೆ ಅರ್ಧ ಇಟ್ಟಿಗೆ ಹೇಗೂ ಬೇಕು, ಹಾಗಾಗಿ 12 ಅರ್ಧವನ್ನು 4 ಇಡಿಗೆ ಸಮ ಎಂದು ಹಿಡಿದರೆ ಬಳಕೆಗೆ ಸಿಕ್ಕಿದ್ದು 86. ಅದರ ಬೆಲೆ 804 ರೂಪಾಯಿ. ಖರ್ಚು ಕಳೆದರೆ ಉಳಿತಾಯ 424. ಅಂದರೆ ಬಳಸುವ ಒಂದೊಂದು ಇಟ್ಟಿಗೆಗೂ 5 ರೂಪಾಯಿಗೆ ಸ್ವಲ್ಪ ಕಡಿಮೆ.

ಹಿಂಭಾಗಕ್ಕೆ ಇದೇ ಲೆಕ್ಕ ಹಾಕಿ ನೋಡಿ. ಬಿಡಿಸಲು 250, ಉಳಿ ಹಿಡಿದು ಸಿಮೆಂಟು ಕೆತ್ತಲು 500, ಪೇರಿಸಲು 30, ಒಟ್ಟು 780. ಅರ್ಧಗಳನ್ನು ಸೇರಿಸಿ ಸಿಕ್ಕಿದ್ದು 48, ಬೆಲೆ 449. ನೂರಕ್ಕೆ 331 ರೂಪಾಯಿ ಕೈಯಿಂದ ಹೋಗುತ್ತದೆ. ಎರಡೂ ಗೋಡೆಗಳ ಇಟ್ಟಿಗೆಯನ್ನು ಪಕ್ಕಪಕ್ಕ ಇಟ್ಟರೆ ಹಿಂಭಾಗದ್ದೇ ಚೆನ್ನಾಗಿ ಬೆಂದು ಕೆಂಪಗಿತ್ತು. ಆದರೂ ಅದರ ಬೆಲೆ ಸೊನ್ನೆಗಿಂತ ಕೆಳಗೆ.

ಮೂರು ದಾರಿ

ಮೊದಲನೆಯದು, ಗುತ್ತಿಗೆದಾರರಿಗೆ ಒಟ್ಟಿಗೆ ಕೊಟ್ಟುಬಿಡುವುದು. ತಲೆನೋವಿಲ್ಲ, ಒಂದು ವಾರದಲ್ಲಿ ಜಾಗ ಬಯಲಾಗುತ್ತದೆ. ಸಿಮೆಂಟಿನಲ್ಲಿ ಕಟ್ಟಿದ ಮನೆಯಾದರೆ, ನೀವು ಬೇರೆ ಊರಿನಲ್ಲಿದ್ದರೆ, ಪೇರಿಸಿಡಲು ಜಾಗವಿಲ್ಲದಿದ್ದರೆ ಇದೇ ಸರಿ. ಇದರಲ್ಲಿ ಹಣ ಕಳೆದುಕೊಳ್ಳುವುದು ಒಂದೇ ಕಾರಣಕ್ಕೆ: ಒಟ್ಟು ಮೊತ್ತದೊಳಗೆ ಯಾವುದಕ್ಕೆ ಎಷ್ಟು ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಎರಡು ದರ ಕೇಳಿ. ಇಟ್ಟಿಗೆ ಸೇರಿಸಿ ಎಷ್ಟು, ಇಟ್ಟಿಗೆ ನಮಗೇ ಬಿಟ್ಟರೆ ಎಷ್ಟು. ಎರಡರ ನಡುವಿನ ಅಂತರವೇ ಅವರ ಮನಸ್ಸಿನಲ್ಲಿರುವ ಇಟ್ಟಿಗೆಯ ಬೆಲೆ. ನಮ್ಮಲ್ಲಿ ಇಡೀ ಮನೆಯ ಇಟ್ಟಿಗೆಗೆ ಆ ಅಂತರ 2,000 ರೂಪಾಯಿ ಬಂತು. ಅವರ ಲಾಭ ತೊಲೆ, ಬಾಗಿಲು, ಕಬ್ಬಿಣದಲ್ಲಿತ್ತು.

ಅಂದ ಹಾಗೆ ಮಂಗಳೂರು ಹೆಂಚು ಇದ್ದರೆ ಅದನ್ನೂ ಒಟ್ಟಿಗೆ ಕೊಡಬೇಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಸುಬು ಇಡೀ ಕರಾವಳಿಗೆ ಹಬ್ಬಿತು. ಅಲ್ಲಿಂದ ಬಂದ ಗಟ್ಟಿ ಹೆಂಚಿಗೆ ಗಾರೆಯ ಕಾಟವಿಲ್ಲ. ಇಳಿಸಿ ಎಣಿಸಿದರೆ ಮಾರಾಟಕ್ಕೆ ಸಿದ್ಧ.

ಎರಡನೆಯ ದಾರಿ, ಉಜ್ಜಿ ಎಣಿಸಿ ಮಾರುವುದು. ಇಲ್ಲಿ ನೋಡಬೇಕಾದ ಅಂಕಿ ಅಸಲಿನದು. ನಮ್ಮ ಮುಂಭಾಗದ ನೂರಕ್ಕೆ ಖರ್ಚು 380, ಮಾರಲು ಸಿಗುವ ಇಡಿ ಇಟ್ಟಿಗೆ 82. ಅರ್ಧಕ್ಕೆ ಯಾರೂ ಕಾಸು ಕೊಡುವುದಿಲ್ಲ. ಹಾಗಾದರೆ ಒಂದಕ್ಕೆ 4 ರೂಪಾಯಿ 63 ಪೈಸೆ ಅಸಲಾಯಿತು. 6 ರೂಪಾಯಿಗೆ ಮಾರಿದರೆ ನೂರು ಬಿಡಿಸಿದ್ದಕ್ಕೆ 112 ರೂಪಾಯಿ ಮಿಗುತ್ತದೆ. 4 ರೂಪಾಯಿಗೆ ಕೇಳಿದರೆ ಉಜ್ಜದೆ, ಗಾರೆ ಸಮೇತ, ನೀವೇ ಬಿಡಿಸಿಕೊಂಡು ಹೋಗಿ ಎಂದು ಕಡಿಮೆ ದರಕ್ಕೆ ಕೊಡುವುದೇ ಜಾಣತನ. ಇನ್ನೊಂದು ಅಂಶವನ್ನು ಮರೆಯಬಾರದು: ಹೊರಗೆ ಹೋದ ಪ್ರತಿ ಇಟ್ಟಿಗೆಯೂ ನೀವು ಸಾಗಿಸಬೇಕಿಲ್ಲದ ಕಸ. ಒಂದು ಇಟ್ಟಿಗೆ ಸುಮಾರು 3 ಕಿಲೋ, ಸಾವಿರಕ್ಕೆ 3 ಟನ್. ಕಟ್ಟಡದ ಕಸವನ್ನು ಬೀದಿಗೋ ಚರಂಡಿಗೋ ಸುರಿಯಬಾರದೆಂದು 2016ರಲ್ಲೇ ಬಂದ ಕೇಂದ್ರದ ನಿಯಮಗಳು ಹೇಳಿದ್ದವು. ನಗರದಲ್ಲಿ ಅದನ್ನು ಸಾಗಿಸಲು ಲೋಡಿಗೆ ಕಾಸು ಕೊಡುವವರಾದರೆ ಆ ಉಳಿತಾಯವನ್ನೂ ಲಾಭದ ಕಡೆ ಬರೆದುಕೊಳ್ಳಿ.

ತೂಕವೇ ಈ ವ್ಯಾಪಾರದ ಎಲ್ಲೆಯನ್ನೂ ಹಾಕುತ್ತದೆ. 3,000 ಇಟ್ಟಿಗೆ ಎಂದರೆ 9 ಟನ್, ಒಂದು ಲಾರಿಯ ತುಂಬ. ಲಾರಿಯ ಬಾಡಿಗೆ 6,000 ಆದರೆ ಇಟ್ಟಿಗೆಯೊಂದಕ್ಕೆ 2 ರೂಪಾಯಿ ದಾರಿಯಲ್ಲೇ ಏರಿತು, ಹತ್ತಿಸಿ ಇಳಿಸುವ ಕೂಲಿ ಬೇರೆ. ಆದ್ದರಿಂದ ಸಾಮಾನ್ಯ ಇಟ್ಟಿಗೆಗೆ ಒಳ್ಳೆಯ ಗಿರಾಕಿ ಪಕ್ಕದ ಬೀದಿಯವರೇ. ಮಾಲೂರಿನ ಸುತ್ತಮುತ್ತ ಮನೆ ಕೆಡವುವವರಿಗೆ ಇದು ಇನ್ನೂ ಕಷ್ಟ. ಊರ ತುಂಬ ಇಟ್ಟಿಗೆ ಹೆಂಚಿನ ಗೂಡುಗಳಿರುವ ಕಡೆ ಹೊಸದೇ ಅಗ್ಗವಾಗಿ ಸಿಗುವಾಗ ಹಳೆಯದನ್ನು ಉಜ್ಜಿ ಕೂರುವವರು ಯಾರು?

ಮಾರುವಾಗಲೂ ಕೊಳ್ಳುವಾಗಲೂ ಎಣಿಕೆಯ ಮೇಲೆಯೇ ವ್ಯವಹಾರ ಇರಲಿ. ಲೋಡಿಗೆ ಇಷ್ಟು ಎಂದರೆ ಲೋಡಿನ ಹೊಟ್ಟೆಯಲ್ಲಿ ಅರ್ಧ, ಚೂರು, ಮಣ್ಣು ಎಲ್ಲ ಸೇರಿರುತ್ತದೆ. ಪೇರಿಸಿದ ಅಟ್ಟಿಯ ಹೊರಗೆ ಇಡಿ ಇಟ್ಟಿಗೆ, ನಡುವೆ ಪೊಳ್ಳು ಬಿಡುವುದು ಹಳೆಯ ಚಾಳಿ. ಅಟ್ಟಿಯ ಒಂದು ಮೂಲೆಯನ್ನು ಬಿಚ್ಚಿ ನೋಡಲು ಸಂಕೋಚ ಬೇಡ.

ಮೂರನೆಯ ದಾರಿ ನಮ್ಮ ಹೊಸ ಮನೆಗೇ ಬಳಸುವುದು. ಮೇಲೆ ಹೇಳಿದ 424 ರೂಪಾಯಿಯ ಉಳಿತಾಯ ನೋಡಿ ನಾನೂ ಮೊದಲು ಇದೇ ಸರಿ ಎಂದುಕೊಂಡೆ. ಮೇಸ್ತ್ರಿ ಒಂದೇ ಪ್ರಶ್ನೆ ಕೇಳಿದರು: “ಇಟ್ಟಿಗೆ ಇಲ್ಲದಿದ್ದರೆ ಗೋಡೆಗೆ ಏನು ಹಾಕಿಸುತ್ತಿದ್ದಿರಿ ಸಾರ್?” ಕಾಂಕ್ರೀಟ್ ಬ್ಲಾಕು ಎಂದೆ. “ಮತ್ತೆ ಹೊಸ ಇಟ್ಟಿಗೆಯ ದರಕ್ಕೆ ಯಾಕೆ ಹೋಲಿಸುತ್ತೀರಿ?”

ನಿಜವಾದ ಹೋಲಿಕೆ ಅಲ್ಲಿತ್ತು. 16×8×8 ಇಂಚಿನ ಗಟ್ಟಿ ಬ್ಲಾಕಿನಲ್ಲಿ 100 ಚದರ ಅಡಿ ಗೋಡೆ ಎಬ್ಬಿಸಲು ಸುಮಾರು 112 ಬ್ಲಾಕು ಬೇಕು. ಅದೇ ಗೋಡೆಗೆ ಇಟ್ಟಿಗೆ ಸಾವಿರ. ಬ್ಲಾಕಿಗೆ 45 ರೂಪಾಯಿ ಎಂದು ಹಿಡಿದರೆ ಗೋಡೆಗೆ 5,040 ರೂಪಾಯಿ, ಅಂದರೆ ಬ್ಲಾಕಿನ ಎದುರು ಒಂದು ಇಟ್ಟಿಗೆಯ ಯೋಗ್ಯತೆ 5 ರೂಪಾಯಿ. ಈಗ ಮತ್ತೆ ಗುಣಿಸಿ: 86 ಇಟ್ಟಿಗೆಗೆ 430, ಖರ್ಚು 380, ನೂರಕ್ಕೆ ಉಳಿದದ್ದು 50 ರೂಪಾಯಿ. ಬ್ಲಾಕಿನ ಗೋಡೆಗೆ ಸಂದುಗಳು ಕಡಿಮೆ, ಗಾರೆ ಕಡಿಮೆ, ಕೆಲಸ ಬೇಗ. ಆ 50 ರೂಪಾಯಿಯೂ ಅಲ್ಲಿಗೆ ಕರಗಿತು. ಸಾರಣೆ ಮಾಡಿ ಬಣ್ಣ ಬಳಿದು ಮುಚ್ಚಿಬಿಡುವ ಗೋಡೆಗೆ ತಾತನ ಇಟ್ಟಿಗೆಯಾದರೂ ಅಷ್ಟೇ, ಬ್ಲಾಕಾದರೂ ಅಷ್ಟೇ.

ಕಣ್ಣಿಗೆ ಕಾಣುವ ಗೋಡೆಗೆ ಲೆಕ್ಕ ಬೇರೆ. ಸಾರಣೆಯಿಲ್ಲದೆ ಹಾಗೇ ಬಿಡುವ ಗೋಡೆ, ಜಗುಲಿಯ ಕಟ್ಟೆ, ಕಮಾನು, ಜಾಲಂಧ್ರ, ಅಂಗಳದ ಹಾದಿ, ಇವಕ್ಕೆ ಬ್ಲಾಕು ಆಗದು. ಇವಕ್ಕೆ ಹೊಸದು ತಂದರೆ ಆಯ್ದ ಟೇಬಲ್ ಮೋಲ್ಡ್ (ಮೇಜಿನ ಮೇಲೆ ಅಚ್ಚಿಗೆ ಹಾಕಿದ) ಇಟ್ಟಿಗೆಯನ್ನೋ ವೈರ್‌ಕಟ್ (ಯಂತ್ರದಲ್ಲಿ ಒತ್ತಿ ತಂತಿಯಿಂದ ಕತ್ತರಿಸಿದ) ಇಟ್ಟಿಗೆಯನ್ನೋ ತರಬೇಕು. ಅವುಗಳ ದರ ಸಾಮಾನ್ಯ ಇಟ್ಟಿಗೆಗಿಂತ ಮೇಲು. ವೈರ್‌ಕಟ್ಟಿನ ಅಂಚು ಚಾಕುವಿನಲ್ಲಿ ಕೊಯ್ದಂತಿರುತ್ತದೆ, ಗೋಡೆ ನೇರವಾಗಿ ಬರುತ್ತದೆ, ಸಿಮೆಂಟು ಉಳಿಯುತ್ತದೆ. ನೋಡಲು ಮಾತ್ರ ಆಸ್ಪತ್ರೆಯ ಗೋಡೆಯ ಹಾಗೆ, ಇದು ನನ್ನ ಅಭಿರುಚಿಯ ಮಾತು. ಗೂಡಿನ ಬೆಂಕಿ ಒಂದೊಂದಕ್ಕೂ ಒಂದೊಂದು ಬಣ್ಣ ಕೊಟ್ಟಿರುವ, ಅಚ್ಚಿನಿಂದ ಬಿಡಿಸಿದವರ ಬೆರಳಿನ ಗುರುತು ಉಳಿದಿರುವ ಹಳೆಯ ಇಟ್ಟಿಗೆಯನ್ನು ಹುಡುಕಿಕೊಂಡು ಬರುವವರು ಇದ್ದಾರೆ. ಹೋಂಸ್ಟೇ ಕಟ್ಟಿಸುವವರು, ಕಾಫಿ ಅಂಗಡಿ ಇಡುವವರು, ಹಳೆಯ ಬಂಗಲೆ ದುರಸ್ತಿ ಮಾಡುವ ವಾಸ್ತುಶಿಲ್ಪಿಗಳು. ಇವರಿಗೆ ಮಾರುವಾಗ ಹೊಸ ಇಟ್ಟಿಗೆಯ ದರವನ್ನು ಆಧಾರವಾಗಿ ಹಿಡಿಯುವುದೇ ತಪ್ಪು. ಅವರು ಕೊಡುವುದು ಮುಖಕ್ಕೆ. ಒಂದು ಮುಖವಾದರೂ ಚೊಕ್ಕವಾಗಿರುವ, ಅಂಚು ಮುಕ್ಕಾಗದ ಇಟ್ಟಿಗೆಯನ್ನು ಮೊದಲೇ ಬೇರೆ ಅಟ್ಟಿ ಮಾಡಿಡಿ. ಎಲ್ಲವನ್ನೂ ಒಂದೇ ಅಟ್ಟಿಗೆ ಸೇರಿಸಿದರೆ ಎಲ್ಲಕ್ಕೂ ಕೆಟ್ಟದ್ದರ ದರವೇ ಸಿಗುತ್ತದೆ.

ಬೆಂಗಳೂರಿನ ಹಳೆಯ ಬಂಗಲೆಗಳಂತೆ ಮದ್ರಾಸ್ ತಾರಸಿ ಇರುವ ಮನೆಯಾದರೆ ಇನ್ನೊಂದು ಸೊತ್ತು ತಲೆಯ ಮೇಲಿದೆ. ಮರದ ತೊಲೆಗಳ ಮೇಲೆ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆಗಳು. ಇಂದು ಗೂಡಿನಲ್ಲಿ ಕೇಳಿದ ತಕ್ಷಣ ಸಿಗುವ ಅಳತೆಯಲ್ಲ ಅದು. ಅಂತಹದೇ ತಾರಸಿಯನ್ನು ದುರಸ್ತಿ ಮಾಡುವವರಿಗೆ ಬೇರೆ ದಾರಿಯಿಲ್ಲ. ಆದರೆ ಗಾರೆಯಿಂದ ಅವನ್ನು ಬಿಡಿಸುವಾಗ ಒಡೆಯುವುದೇ ಹೆಚ್ಚು. ನೂರರ ಪರೀಕ್ಷೆಯನ್ನು ಅವಕ್ಕೆ ಪ್ರತ್ಯೇಕವಾಗಿ ಮಾಡಿ.

ಯಾವುದನ್ನು ಮುಟ್ಟಬಾರದು

ಎಲ್ಲ ಗೋಡೆಯ ಇಟ್ಟಿಗೆಯೂ ಒಂದೇ ಅಲ್ಲ. ಬಚ್ಚಲು, ಕೊಟ್ಟಿಗೆ, ಪಾಯಖಾನೆಯ ಗೋಡೆಗಳು ವರ್ಷಗಟ್ಟಲೆ ಉಪ್ಪನ್ನು ಕುಡಿದಿರುತ್ತವೆ. ಒಣಗಿದಾಗ ಬಿಳಿಯ ಬೂಷ್ಟು ಹೊಮ್ಮುತ್ತದೆ, ಹೊಸ ಸಾರಣೆಯನ್ನು ಉದುರಿಸುತ್ತದೆ. ನೆಲದ ಮಟ್ಟದ ನಾಲ್ಕೈದು ವರಸೆಗಳೂ ಹಾಗೆಯೇ. ಕಪಿಲೆ ಉಕ್ಕಿದ ವರ್ಷಗಳಲ್ಲಿ ನಮ್ಮ ಜಗುಲಿಯ ತನಕ ನೀರು ಬರುತ್ತಿತ್ತು. ಗೋಡೆಯ ಮೇಲೆ ಆ ನೀರಿನ ಗೆರೆ ಕಾಣುತ್ತಿತ್ತು. ಆ ಗೆರೆಯ ಕೆಳಗಿನದನ್ನು ಉಜ್ಜದೆ ಬಿಟ್ಟೆವು. ಸೌದೆ ಒಲೆಯ ಹಿಂದಿನ ಗೋಡೆಯ ಮಸಿ ಸಾರಣೆಯ ಮೇಲೂ ಕಂದು ಕಲೆಯಾಗಿ ಮೂಡುತ್ತದೆ. ಎಣ್ಣೆ ಬಣ್ಣ ಬಳಿದ ಇಟ್ಟಿಗೆಯನ್ನು ಉಜ್ಜುವುದೇ ಬೇಡ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತದೆ, ಆ ಧೂಳು ಆಳಿನ ಎದೆಗೆ ಹೋಗುತ್ತದೆ. ಸುಣ್ಣ ಉಜ್ಜುವವರಿಗೂ ಮುಖಕ್ಕೆ ಮಾಸ್ಕು, ಕೈಗೆ ಗವಸು ಕೊಡಿಸಿ. ಅದರ ಖರ್ಚನ್ನು ಲೆಕ್ಕಕ್ಕೆ ಸೇರಿಸಿ, ಉಳಿಸಲು ಹೋಗಬೇಡಿ.

ಬೆಂದಿದೆಯೋ ಇಲ್ಲವೋ ತಿಳಿಯಲು ಮೇಸ್ತ್ರಿಗಳ ಪರೀಕ್ಷೆಗಳೇ ಸಾಕು. ಎರಡು ಇಟ್ಟಿಗೆ ತಾಕಿಸಿದರೆ ಟಣ್ ಎನ್ನಬೇಕು, ಡಬ್ ಎನ್ನಬಾರದು. ಉಗುರಿನಿಂದ ಕೆರೆದರೆ ಗೆರೆ ಬೀಳಬಾರದು. ಎದೆಮಟ್ಟದಿಂದ ಮಣ್ಣಿನ ನೆಲಕ್ಕೆ ಬಿಟ್ಟರೆ ಒಡೆಯಬಾರದು. ನೀರಿನ ಪರೀಕ್ಷೆಗೆ ಕಿರಾಣಿ ಅಂಗಡಿಯ ತಕ್ಕಡಿ ಬೇಕು. ನಾಲ್ಕು ದಿನ ಬಿಸಿಲಿನಲ್ಲಿ ಒಣಗಿಸಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ತಣ್ಣೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ಸಾಮಾನ್ಯ ಇಟ್ಟಿಗೆಗೆ ಮಾನಕದ ಮಿತಿ ಶೇಕಡ 20. ಅಂದರೆ 3 ಕಿಲೋದ ಇಟ್ಟಿಗೆ 3 ಕಿಲೋ 600 ಗ್ರಾಮಿಗಿಂತ ಹೆಚ್ಚು ತೂಗಬಾರದು. ಮಹಡಿಯ ಭಾರ ಹೊರುವ ಗೋಡೆಗೆ ಬಳಸುವುದಾದರೆ ಮಾತ್ರ ಇಷ್ಟಕ್ಕೇ ನಿಲ್ಲಬೇಡಿ. ಐಎಸ್ 3495ರ ಪ್ರಕಾರ 5 ಇಟ್ಟಿಗೆಗಳನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಒತ್ತಿಸಿ ನೋಡಿ. ಚದರ ಮಿಲಿಮೀಟರಿಗೆ 3.5 ನ್ಯೂಟನ್ ಮಾನಕದ ಅತಿ ಕೆಳಗಿನ ದರ್ಜೆ. ಅದಕ್ಕೂ ಕಡಿಮೆ ಬಂದರೆ ತೋಟದ ಅಂಚಿಗೆ ಇಡಿ.

ಇಟ್ಟಿಗೆಯ ಮೇಲೆ ಅಕ್ಷರದ ಅಚ್ಚು ಕಂಡ ಕೂಡಲೇ ಪುರಾತನ ಎಂದು ಬೆಲೆ ಏರಿಸುವವರನ್ನು ನೋಡಿದ್ದೇನೆ. ಅದು ಗೂಡಿನವರ ಗುರುತು ಅಷ್ಟೇ, ನಿನ್ನೆ ಸುಟ್ಟದ್ದರ ಮೇಲೂ ಇರುತ್ತದೆ. ನಿಜವಾಗಿ ಪುರಾತನವಾದದ್ದರ ಸಂಗತಿ ಬೇರೆ. ಬನವಾಸಿ, ಸನ್ನತಿಯಂತಹ ಕಡೆ ಅಗೆತದಲ್ಲಿ ಸಿಕ್ಕ ಶಾತವಾಹನರ ಕಾಲದ ಇಟ್ಟಿಗೆಗಳು ಇಂದಿನವಕ್ಕಿಂತ ಬಹಳ ದೊಡ್ಡವು. ಪಾಯ ತೋಡುವಾಗ ಅಂತಹ ಭಾರಿ ಇಟ್ಟಿಗೆಯ ಸಾಲು ಸಿಕ್ಕರೆ ದರ ಕೇಳುವ ಮಾತಿಲ್ಲ. ಕೆಲಸ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸಬೇಕು.

ಲೆಕ್ಕಕ್ಕೆ ಸಿಗದ ಒಂದು ಅಂಶವೂ ಬೆಲೆಯನ್ನು ಅಲುಗಾಡಿಸುತ್ತದೆ. ಹಳೆಯ ಮನೆಯ ಇಟ್ಟಿಗೆ ಮರವನ್ನು ಹೊಸ ಮನೆಗೆ ಹಾಕಬಾರದೆಂದು ನಂಬುವವರು ಬಹಳ. ವಾಸ್ತು ಹೇಳುವವರು ಇದನ್ನು ಇನ್ನಷ್ಟು ಬಿಗಿಮಾಡಿದ್ದಾರೆ. ನನಗೆ ಇದರಲ್ಲಿ ನಂಬಿಕೆ ಇಲ್ಲ, ಆದರೆ ಮಾರುವವನು ಗಿರಾಕಿಯ ನಂಬಿಕೆಯ ಜೊತೆ ವಾದಕ್ಕಿಳಿಯಬಾರದು. ಮನೆಗೆ ಬೇಡ ಎನ್ನುವವರೇ ಕಾಂಪೌಂಡಿಗೆ, ಶೆಡ್ಡಿಗೆ, ತೋಟದ ತೊಟ್ಟಿಗೆ ಧಾರಾಳವಾಗಿ ಒಯ್ಯುತ್ತಾರೆ. ದರ ಮಾತ್ರ ಒಂದೆರಡು ರೂಪಾಯಿ ಇಳಿಯುತ್ತದೆ. ನಮ್ಮ ಚಿಕ್ಕಮ್ಮನೂ ಬೇಡವೆಂದೇ ಹಟ ಹಿಡಿದರು. ಅಮ್ಮ, “ಅದು ನಮ್ಮ ಮಾವ ಕಟ್ಟಿಸಿದ ಗೋಡೆ, ಪರರ ಮನೆಯದೇನೂ ಅಲ್ಲವಲ್ಲ” ಎಂದು ಮಾತು ಮುಗಿಸಿದರು.

ಚೂರು ಇಟ್ಟಿಗೆಯನ್ನೂ ಎಸೆಯಬೇಕಿಲ್ಲ. ನೆಲದ ಕೆಳಗೆ ತುಂಬಲು, ಸುಣ್ಣದೊಂದಿಗೆ ಬೆರೆಸಿ ತಾರಸಿಯ ಮೇಲೆ ಹಾಸಲು ಅದೇ ಬೇಕು. ಸುಣ್ಣದ ಕೆಲಸ ಮಾಡುವವರು ಸುರ್ಕಿಗೆಂದು ಚೆನ್ನಾಗಿ ಬೆಂದ ಚೂರನ್ನು ಕೇಳಿ ಒಯ್ಯುತ್ತಾರೆ. ಹಿಂಭಾಗದ ಸಿಮೆಂಟಿನ ಗೋಡೆಯನ್ನು ನಾವು ಜೆಸಿಬಿಯಿಂದಲೇ ಉರುಳಿಸಿ ಅಷ್ಟನ್ನೂ ಹೊಸ ಮನೆಯ ಪಾಯದೊಳಗೆ ತುಂಬಿದೆವು. ಮಣ್ಣು ತರಿಸುವ ಕೆಲವು ಟ್ರ್ಯಾಕ್ಟರ್ ಲೋಡಿನ ಖರ್ಚು ಉಳಿಯಿತು. ಆ ಇಟ್ಟಿಗೆ ಕೊಟ್ಟ ಬೆಲೆ ಅದೇ.

ಮುಂಭಾಗದ 6,200ರಲ್ಲಿ ನೀರಿನ ಗೆರೆಯ ಕೆಳಗಿನದು, ಒಲೆಯ ಗೋಡೆಯದು, ಒಡೆದದ್ದು ಹೋಗಿ 4,300 ಇಡಿ ಇಟ್ಟಿಗೆ ಕೈಗೆ ಬಂತು. ಮುಖ ಚೆನ್ನಾಗಿದ್ದ 1,500ನ್ನು ಇಟ್ಟುಕೊಂಡು ಹೊಸ ಮನೆಯ ಜಗುಲಿಯ ಗೋಡೆಯನ್ನು ಸಾರಣೆಯಿಲ್ಲದೆ ಕಟ್ಟಿಸಿದೆವು. ಒಳಗಿನ ಗೋಡೆಗಳೆಲ್ಲ ಬ್ಲಾಕು. ಉಳಿದದ್ದನ್ನು ಹಿಂದಿನ ಬೀದಿಯವರು ಹೇಳಿದ ದರಕ್ಕೇ, 6 ರೂಪಾಯಿಯಂತೆ ಒಯ್ದರು. ಮೇಸ್ತ್ರಿ ಕೆಲಸಕ್ಕೆ ಬಳಸಿ ಮಿಕ್ಕ ಅರ್ಧ ಇಟ್ಟಿಗೆಗಳು ಹಿತ್ತಿಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿದ್ದವು. ಅಮ್ಮ ಅವನ್ನು ಓರೆಯಾಗಿ ನೆಟ್ಟು ಕರಿಬೇವಿನ ಗಿಡಕ್ಕೂ ತುಳಸಿಗೂ ಪಾತಿ ಮಾಡಿಸಿದ್ದಾರೆ. ಮೊನ್ನೆ ಯಾರೋ ಬಂದು ಅವಕ್ಕೂ ದರ ಕೇಳಿದರಂತೆ.